ಆಪ್ತಸಲಹೆಯ ಕೋಣೆ ಎಷ್ಟು ದೊಡ್ಡದಾಗಬೇಕು?

ಕಾಲೇಜಿನಲ್ಲಿ ಕನ್ನಡ ಹೇಳುವವನ ಮನೆಗೆ ಹಳೆಯ ವಿದ್ಯಾರ್ಥಿಗಳು ಬಂದರೆ ಅದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ: ಮದುವೆಯ ಕರೆಯೋಲೆ, ಮಗುವಿಗೊಂದು ಹೆಸರು, ಇಲ್ಲವೆ ಹೊಸದಾಗಿ ಕಟ್ಟಿಸಿದ ಮನೆಗೊಂದು ಹೆಸರು. ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದ ಒಬ್ಬ ವಿದ್ಯಾರ್ಥಿನಿ ಈ ಮೂರರಲ್ಲಿ ಯಾವುದನ್ನೂ ತರಲಿಲ್ಲ, ಕೇಳಲೂ ಇಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು, "ಮೇಷ್ಟ್ರೆ, ನನ್ನ ಪ್ರಾಕ್ಟೀಸನ್ನು ದೊಡ್ಡದು ಮಾಡಲೋ, ಇದ್ದ ಹಾಗೆಯೇ ಬಿಡಲೋ, ನೀವು ಹೇಳಿ" ಎಂದಳು.

ಆಕೆ ಬಿ.ಎ. ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಓದಿ, ನನ್ನಲ್ಲಿ ಕನ್ನಡ ಪಾಠ ಕೇಳಿದವಳು. ಆಮೇಲೆ ಸ್ನಾತಕೋತ್ತರ ಪದವಿ. ಅದರ ಮೇಲೆ ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಎರಡು ವರ್ಷದ ಎಂ.ಫಿಲ್.; ಅನಂತರ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷದ ಕೆಲಸ. ಈಗ ಐದು ವರ್ಷಗಳಿಂದ ಒಂದು ಜಿಲ್ಲಾ ಕೇಂದ್ರದಲ್ಲಿ ಸ್ವಂತವಾಗಿ ಮನೋಚಿಕಿತ್ಸೆ ನಡೆಸುತ್ತಿದ್ದಾಳೆ. ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಅಂಥ ಊರುಗಳಲ್ಲಿ ಈ ವೃತ್ತಿಯವರು ಇರುವುದೇ ಇಬ್ಬರೋ ಮೂವರೋ. ಊರನ್ನು ಹೇಳಿದರೆ ಆಳನ್ನೇ ಹೇಳಿದಂತೆ. ಈ ಲೇಖನವನ್ನು ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನನ್ನನ್ನೇಕೆ ಕೇಳಬೇಕಾಯಿತು ಎಂದೆ. ಲೆಕ್ಕಪತ್ರ ನೋಡುವ ಆಡಿಟರು "ಬೆಳೆಸಿ" ಎಂದರಂತೆ. ಬ್ಯಾಂಕಿನವರು "ಸಾಲ ಕೊಡುತ್ತೇವೆ, ಬೆಳೆಸಿ" ಎಂದರಂತೆ. ಬಸ್ ನಿಲ್ದಾಣದ ಎದುರಿನ ಮುಖ್ಯ ರಸ್ತೆಯಲ್ಲಿ ಹೊಸದಾಗಿ ಎದ್ದ ಕಟ್ಟಡದ ಮಾಲೀಕರಂತೂ ಮುಂಗಡವನ್ನು ಕಡಿಮೆ ಮಾಡಲೂ ಸಿದ್ಧರಿದ್ದಾರಂತೆ. "ಲೆಕ್ಕ ಬಲ್ಲವರೆಲ್ಲ ಬೆಳೆಸು ಎಂದರು ಮೇಷ್ಟ್ರೆ. ಲೆಕ್ಕ ಬಾರದವರೊಬ್ಬರನ್ನು ಕೇಳೋಣ ಅಂತ ಬಂದೆ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆಕೆ ಹೋದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದು ಒಬ್ಬ ಹೆಣ್ಣುಮಗಳ ಆದಾಯ-ವೆಚ್ಚದ ಪ್ರಶ್ನೆ ಮಾತ್ರವಲ್ಲ, ನಮ್ಮ ಸಣ್ಣ ಊರುಗಳಲ್ಲಿ ಮನಸ್ಸು ನೊಂದವರು ಯಾರ ಬಾಗಿಲಿಗೆ ಹೋಗಬೇಕೆಂಬ ಪ್ರಶ್ನೆಯೂ ಹೌದು ಎಂದು ತೋರಿದ್ದರಿಂದ, ನನಗೆ ಹೊಳೆದುದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಆಕೆಯ ಕೋಣೆಯ ವಿಚಾರ. ಅದು ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಎರಡು ಕುರ್ಚಿ, ಒಂದು ಹೂಜಿ, ಒಂದು ಗಡಿಯಾರ. ಹೊರಗೆ ನಾಲ್ಕು ಜನ ಕೂರುವಷ್ಟು ಸ್ಥಳ. ಇಂಥ ಕಡೆ ಏಕೆ ಹಿಡಿದೆ ಎಂದು ಹಿಂದೊಮ್ಮೆ ಕೇಳಿದ್ದೆ. ಬಾಡಿಗೆ ಕಡಿಮೆ ಎಂಬುದು ಮೊದಲನೆಯ ಕಾರಣ. ಎರಡನೆಯದು, ಮೆಟ್ಟಿಲು ಹತ್ತುವುದನ್ನು ಯಾರಾದರೂ ನೋಡಿದರೆ "ಕನ್ನಡಕಕ್ಕೆ ಬಂದಿದ್ದೆ" ಎನ್ನಬಹುದು. ಬಂದವರಲ್ಲಿ ಕೆಲವರು ನಿಜವಾಗಿಯೂ ಕನ್ನಡಕ ಮಾಡಿಸಿಕೊಂಡು ಹೋಗಿದ್ದಾರಂತೆ. ನಮ್ಮ ಊರುಗಳಲ್ಲಿ ಈ ರೋಗಕ್ಕೆ ಇಷ್ಟು ಮರೆ ಬೇಕು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ರೋಗಿಯ ಗೋಪ್ಯವನ್ನು ಅವನ ಹಕ್ಕೆಂದು ಸಾರಿದೆ, ನಿಜ. ಆದರೆ ಮುಖ್ಯ ರಸ್ತೆಯಲ್ಲಿ ಆಳೆತ್ತರದ ಹಲಗೆಯ ಕೆಳಗೆ ಒಳಹೋಗುವ ಹೆಂಗಸನ್ನು ಎದುರಿನ ಹೋಟೆಲಿನಲ್ಲಿ ಕುಳಿತ ಅವಳ ಮೈದುನ ನೋಡುವುದನ್ನು ಯಾವ ಕಾಯಿದೆ ತಡೆದೀತು?

ಇನ್ನು ಆಕೆಯ ಲೆಕ್ಕ. ಒಂದೊಂದು ಭೇಟಿ ಐವತ್ತು ನಿಮಿಷ. ವಾರಕ್ಕೆ ಇಪ್ಪತ್ತೈದು ಜನಕ್ಕೆ ಸಮಯ ಕೊಟ್ಟರೆ ಮೂವರು ಬರುವುದಿಲ್ಲ, ಉಳಿಯುವುದು ಇಪ್ಪತ್ತೆರಡು. ಭೇಟಿಗೆ ೮೦೦ ರೂಪಾಯಿ. ನಾಲ್ಕು ವಾರದ ತಿಂಗಳಿಗೆ ೭೦,೪೦೦ ರೂಪಾಯಿ. ವಾರಕ್ಕೆ ಮೂವರಿಂದ ಅರ್ಧ ಶುಲ್ಕವನ್ನಷ್ಟೇ ತೆಗೆದುಕೊಳ್ಳುತ್ತಾಳೆ. ಅದರಿಂದ ೪,೮೦೦ ಕಡಿಮೆ. ಬಾಡಿಗೆ ೧೨,೦೦೦, ಹೊರಗೆ ಕುಳಿತು ಫೋನು ನೋಡಿಕೊಳ್ಳುವ ಹುಡುಗಿಗೆ ೯,೦೦೦, ತನ್ನ ಕೆಲಸವನ್ನು ಪರಿಶೀಲಿಸಿ ತಿದ್ದುವ ಹಿರಿಯರೊಬ್ಬರಿಗೆ ೪,೦೦೦, ದೀಪ, ಅಂತರ್ಜಾಲ ಇತ್ಯಾದಿಗೆ ೩,೦೦೦. ಎಲ್ಲ ಕಳೆದು ಕೈಗೆ ಬರುವುದು ೩೭,೬೦೦ ರೂಪಾಯಿ. ಒಂಬತ್ತು ವರ್ಷ ಓದಿ, ಪಳಗಿ ಸಂಪಾದಿಸಿದ ವಿದ್ಯೆಗೆ ಇದು ಸರಕಾರಿ ಪ್ರೌಢಶಾಲೆಯ ಅನುಭವಿ ಶಿಕ್ಷಕರ ಸಂಬಳಕ್ಕಿಂತ ಕಡಿಮೆ. ಆದುದರಿಂದ ಹೆಚ್ಚು ಗಳಿಸಬೇಕೆಂಬ ಆಸೆಯನ್ನು ದುರಾಸೆ ಎನ್ನುವುದಕ್ಕೆ ನನಗೆ ಬಾಯಿ ಬಾರದು. ತಿಂಗಳ ಮೊದಲ ವಾರ ತಪ್ಪದೆ ಸಂಬಳ ಪಡೆಯುವವನು ಪರರಿಗೆ ಅಪರಿಗ್ರಹ ಬೋಧಿಸಬಾರದು.

ಆದರೂ ಆಕೆಯ ಪ್ರಶ್ನೆಗೆ ನನ್ನ ಮನಸ್ಸು ಆ ದಿನ ಥಟ್ಟನೆ ಕೊಟ್ಟ ಉತ್ತರ "ಬೇಡ" ಎಂಬುದೇ. ಅದಕ್ಕೆ ಕಾರಣ ನನ್ನ ತರಗತಿ. ನಾನು ಕೆಲಸಕ್ಕೆ ಸೇರಿದ ವರ್ಷ ನನ್ನ ಮುಂದೆ ಮೂವತ್ತೆರಡು ಮಂದಿ ಕೂರುತ್ತಿದ್ದರು. ಯಾರ ಅಕ್ಷರ ಎಡಕ್ಕೆ ವಾಲುತ್ತದೆ, ಯಾರು ಹಳಗನ್ನಡದ ಪದ್ಯಕ್ಕೆ ಹೆದರುತ್ತಾರೆ, ಯಾರ ಮನೆಯಲ್ಲಿ ರಾತ್ರಿ ಜಗಳವಾಗಿದೆ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಈಗ ನೂರ ಹತ್ತು ಮಂದಿ. ಪಾಠ ಅದೇ, ಗಂಟಲು ಅದೇ, ಸಂಬಳ ಮೊದಲಿಗಿಂತ ಎಷ್ಟೋ ಮೇಲು. ಆದರೆ ಹಾಜರಿ ಕೂಗುವಾಗ ಹೆಸರಿಗೆ ಉತ್ತರ ಬರುತ್ತದೆಯೇ ಹೊರತು ಮುಖ ಬರುವುದಿಲ್ಲ. ಕಾಲೇಜು ಬೆಳೆಯಿತು ಎಂದು ವಾರ್ಷಿಕ ವರದಿಯಲ್ಲಿ ನಾವೇ ಬರೆದೆವು. ಬೆಳೆದದ್ದು ಕಾಲೇಜು, ನನಗೂ ಹುಡುಗರಿಗೂ ನಡುವಣ ದೂರವೂ ಅದರೊಡನೆ ಬೆಳೆಯಿತು.

ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ಆಪ್ತಸಲಹೆ, ಆಪ್ತಸಮಾಲೋಚನೆ ಎಂಬ ಮಾತುಗಳು ನೆಲೆನಿಂತಿವೆ. ಸಲಹೆ ಎಂಬ ಮಾತು ಆಕೆಗೆ ಸಮ್ಮತವಲ್ಲ. "ನಾವು ಸಲಹೆ ಕೊಡೋದು ಬಹಳ ಕಡಿಮೆ ಮೇಷ್ಟ್ರೆ, ಕೇಳೋದೇ ಹೆಚ್ಚು" ಎನ್ನುತ್ತಾಳೆ. ನನಗಂತೂ ಆ ಸಮಾಸದ ಮೊದಲ ಪದವೇ ಮುಖ್ಯವಾಗಿ ಕಾಣುತ್ತದೆ. ಸಲಹೆಯನ್ನು ಅಚ್ಚು ಹಾಕಿಸಿ ಹತ್ತು ಸಾವಿರ ಜನಕ್ಕೆ ಹಂಚಬಹುದು. ಆಪ್ತತೆಯನ್ನು ಹಾಗೆ ಹಂಚಲಾಗದು. ಅದು ಒಬ್ಬರು ಇನ್ನೊಬ್ಬರಿಗೆ ಗಂಟೆ ಲೆಕ್ಕದಲ್ಲಿ ಕೊಡಬೇಕಾದ ವಸ್ತು. ಆದುದರಿಂದ, ಸಣ್ಣದಾಗಿಯೇ ಇರು, ಚೆನ್ನಾಗಿ ಮಾಡು ಎಂದು ಹೇಳಿ ಕಳುಹಿಸಬೇಕೆಂದಿದ್ದೆ. ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಹುಡುಗನ ನೆನಪು.

ಅವನು ನಮ್ಮ ಎರಡನೆಯ ಬಿ.ಎ. ತರಗತಿಯವನು. ಗುರುತು ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಚೆನ್ನಾಗಿ ಬರೆಯುತ್ತಿದ್ದವನು ದಸರಾ ರಜೆ ಮುಗಿದ ಮೇಲೆ ಕೊನೆಯ ಬೆಂಚಿಗೆ ಸರಿದ. ಕಿರುಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತನ್ನ ಹೆಸರನ್ನಷ್ಟೇ ಬರೆದುಕೊಟ್ಟ. ಕರೆದು ಕೇಳಿದೆ. "ಪುಸ್ತಕ ತೆಗೆದ್ರೆ ಅಕ್ಷರ ಹಿಂದಕ್ಕೆ ಸರೀತವೆ ಸಾರ್. ಊಟ ಮಾಡಿದ್ರೂ ಮಾಡಿದಂಗಿಲ್ಲ. ರಾತ್ರಿ ಎಲ್ಲ ಎದೆ ಮೇಲೆ ಯಾರೋ ಕೂತಂಗೆ" ಎಂದ. ನಾನು ಈ ವಿದ್ಯಾರ್ಥಿನಿಗೆ ಫೋನು ಮಾಡಿದೆ. ಆಕೆ ಪ್ರಾಣಾಪಾಯದ ಸೂಚನೆ ಇದೆಯೆ ಎಂಬುದನ್ನು ಬಿಡಿಸಿ ಬಿಡಿಸಿ ಕೇಳಿದಳು, ಹುಡುಗನೊಡನೆಯೂ ಹತ್ತು ನಿಮಿಷ ಮಾತಾಡಿದಳು, ಮೊದಲು ಮನೋವೈದ್ಯರಿಗೆ ತೋರಿಸಿ ಎಂದಳು. ತನ್ನ ಬಳಿ ಬಿಡುವಿನ ಗಂಟೆ ಸಿಕ್ಕುವುದು ಐದು ವಾರದ ಮೇಲೆ ಎಂದಳು. ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಯ ವೈದ್ಯರ ಮುಂದೆ ಸಾಲು ಬಾಗಿಲಿನಿಂದ ಆಚೆ ಹೋಗಿತ್ತು. ಅವರು ತಮ್ಮ ಪಾಲಿಗೆ ಬಂದ ಏಳೆಂಟು ನಿಮಿಷದಲ್ಲಿ ಸಮಾಧಾನವಾಗಿಯೇ ನೋಡಿ ಮಾತ್ರೆ ಬರೆದುಕೊಟ್ಟರು. ಹುಡುಗನಿಗೆ ಮಾತ್ರೆ ಸಿಕ್ಕಿತು, ಮಾತಾಡಲು ಎಡೆ ಸಿಕ್ಕಲಿಲ್ಲ. ನಾಲ್ಕನೆಯ ವಾರ ಅವನು ಕಾಲೇಜು ಬಿಟ್ಟ. ಬೆಂಗಳೂರಿನ ಕಡೆ ಕೆಲಸಕ್ಕೆ ಹೋದನೆಂದು ಸ್ನೇಹಿತರು ಹೇಳಿದರು.

ಸಣ್ಣದಾಗಿರುವುದು ನಿರಪರಾಧವಾದ ಸ್ಥಿತಿಯಲ್ಲ ಎಂದು ನನಗೆ ತಿಳಿದದ್ದು ಆಗ. ಒಳಗಿನ ಕುರ್ಚಿಯಲ್ಲಿ ಕುಳಿತವನಿಗೆ ಪೂರ್ಣವಾದ ಐವತ್ತು ನಿಮಿಷ ಸಿಕ್ಕುತ್ತದೆ, ಸಂತೋಷ. ಆದರೆ ಬಾಗಿಲ ಹೊರಗೆ ಐದು ವಾರದುದ್ದದ ಸಾಲೊಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ನೋಟುಬುಕ್ಕಿನಲ್ಲಿ ಹೆಸರಾಗಿ ಇರುತ್ತದೆ, ಅಷ್ಟೆ.

ಈ ಸಾಲು ಒಂದೂರಿನದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದರು. ಚಿಕಿತ್ಸೆ ದೊರೆಯದೆ ಉಳಿದವರು ರೋಗದಿಂದ ರೋಗಕ್ಕೆ ನೂರಕ್ಕೆ ಎಪ್ಪತ್ತರಿಂದ ತೊಂಬತ್ತೆರಡರವರೆಗೆ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಪೂರ್ತಿಯಾಗಿ ಇಲ್ಲ. ಸರಕಾರ ಸುಮ್ಮನೆ ಕುಳಿತಿದೆ ಎನ್ನಲಾಗದು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಜಿಲ್ಲೆಗೊಂದು ವ್ಯವಸ್ಥೆ ಹೇಗಿರಬೇಕೆಂಬುದನ್ನು ಆ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಯೋಗಿಸಿ ನೋಡಿದರು. ಅದರ ಮಾದರಿಯ ಮೇಲೆ ೧೯೯೬ರಲ್ಲಿ ಜಿಲ್ಲಾ ಕಾರ್ಯಕ್ರಮ ಮೊದಲಾಯಿತು. ೨೦೨೨ರ ಅಕ್ಟೋಬರಿನಿಂದ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲಿ ಮಾತಾಡಬಹುದು. ಈ ಟೆಲಿ-ಮಾನಸ್ ಸೇವೆಯನ್ನು ಪ್ರತಿಯೊಂದು ಕಾಲೇಜಿನ ಸೂಚನಾ ಫಲಕದಲ್ಲೂ ಬರೆದಿಡಬೇಕೆಂದು ನನ್ನ ಅಭಿಪ್ರಾಯ. ಆದರೆ ಒಬ್ಬ ನೊಂದವನನ್ನು ಹತ್ತು ವಾರ, ಹನ್ನೆರಡು ವಾರ, ಅದೇ ವ್ಯಕ್ತಿ ಅದೇ ಹೊತ್ತಿನಲ್ಲಿ ಕುಳಿತು ಕೇಳುವ ವ್ಯವಸ್ಥೆ ಸಣ್ಣ ಊರುಗಳಲ್ಲಿ ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲೇ ಉಳಿದಿದೆ.

ಹಾಗಾದರೆ ಬೆಳೆಯುವುದು ಹೇಗೆ? ಆಕೆಯ ಮುಂದೆ ಮೂರು ದಾರಿಗಳಿದ್ದವು.

ಒಂದು, ತಾನೇ ಹೆಚ್ಚು ಗಂಟೆ ದುಡಿಯುವುದು. ಇಪ್ಪತ್ತೆರಡನ್ನು ಮೂವತ್ತೈದು ಮಾಡುವುದು. ಇದು ದುಡಿಮೆಯಂತೆ ಕಂಡರೂ ಕಲಬೆರಕೆ. ಸಂಜೆ ಏಳು ಗಂಟೆಗೆ ಬಂದ ಎಂಟನೆಯವನು ಬೆಳಗ್ಗೆ ಬಂದ ಮೊದಲನೆಯವನಷ್ಟೇ ಹಣ ಕೊಡುತ್ತಾನೆ. ಅವನಿಗೆ ಸಿಕ್ಕುವ ಕಿವಿ ಮಾತ್ರ ಬೇರೆ. ನೂರ ಹತ್ತು ಉತ್ತರಪತ್ರಿಕೆಗಳಲ್ಲಿ ತೊಂಬತ್ತನೆಯದನ್ನು ನಾನು ಹೇಗೆ ಓದುತ್ತೇನೆಂಬುದು ನನಗೆ ಗೊತ್ತು.

ಎರಡು, ಶುಲ್ಕವನ್ನು ಏರಿಸಿ, ಕೊಡಬಲ್ಲವರನ್ನು ಹುಡುಕಿಕೊಂಡು ಹೋಗುವುದು. ದೂರಸಂಪರ್ಕದ ಮೂಲಕ ಬೆಂಗಳೂರಿನವರನ್ನು ನೋಡಿದರೆ ಎರಡರಷ್ಟು ಶುಲ್ಕ ಸಿಕ್ಕೀತು. ಅಮೆರಿಕದಲ್ಲಿರುವ ಕನ್ನಡಿಗರು ನಸುಕಿನ ಗಂಟೆಗಳಿಗೆ ಅದಕ್ಕೂ ಹೆಚ್ಚು ಕೊಟ್ಟಾರು. ದೂರದೇಶದಲ್ಲಿ ಕುಳಿತು ಕನ್ನಡದಲ್ಲಿ ಅಳಬೇಕೆನ್ನುವವರ ಅಗತ್ಯವೂ ನಿಜವಾದದ್ದೇ. ಆದರೆ ಅಲ್ಲಿ ವಾಸಿಸುವವರಿಗೆ ಚಿಕಿತ್ಸೆ ಕೊಡಲು ಸಾಮಾನ್ಯವಾಗಿ ಆಯಾ ರಾಜ್ಯದ ಪರವಾನಗಿ ಬೇಕು. ಅದಿಲ್ಲದೆ ಆ ದಾರಿ ತುಳಿಯತಕ್ಕದ್ದಲ್ಲ. ಅದು ಹಾಗಿರಲಿ. ಬೆಂಗಳೂರಿನವನಿಗೆ ಕೊಟ್ಟ ಒಂದೊಂದು ಗಂಟೆಯೂ ತಾಲ್ಲೂಕಿನಿಂದ ಬಸ್ಸು ಹಿಡಿದು ಬರುವವಳ ಗಂಟೆಯಿಂದ ಕತ್ತರಿಸಿದ್ದು. ೨೦೨೩ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ತನ್ನಲ್ಲಿಗೆ ಹಳ್ಳಿಗಳ ಹೆಂಗಸರು ಒಬ್ಬೊಬ್ಬರೇ ಬರುವುದು ಹೆಚ್ಚಾಗಿದೆ ಎಂದು ಆಕೆ ಹೇಳಿದಳು. ಮೊದಲು ಬಸ್ಸಿನ ಚಾರ್ಜಿಗೆ ಗಂಡನನ್ನು ಕೇಳಬೇಕಾಗಿತ್ತು. ಕೇಳಿದರೆ ಎಲ್ಲಿಗೆ ಎಂದು ಹೇಳಬೇಕಾಗಿತ್ತು. ಬಾಗಿಲು ಈಗಷ್ಟೇ ಸ್ವಲ್ಪ ತೆರೆದುಕೊಂಡಿರುವಾಗ ಒಳಗಿರುವವರು ಬೇರೆಡೆಗೆ ಮುಖ ತಿರುಗಿಸಬಾರದು.

ಮೂರು, ಕೈಗಳನ್ನು ಹೆಚ್ಚಿಸುವುದು. ಆಡಿಟರ ಯೋಜನೆ ಇದೇ: ಹೊಸ ಕಟ್ಟಡ, ಇಬ್ಬರು ಕಿರಿಯರು, ತಲೆಗೆ ವಾರಕ್ಕೆ ಇಪ್ಪತ್ತು ಭೇಟಿ, ಶುಲ್ಕದಲ್ಲಿ ನೂರಕ್ಕೆ ಅರವತ್ತು ಅವರಿಗೆ, ನಲವತ್ತು ಸಂಸ್ಥೆಗೆ. ಲೆಕ್ಕ ಬಾರದವನೆಂಬ ಹೆಸರು ಪಡೆದಿದ್ದರೂ ನಾನು ಆಕೆಯ ಕಾಗದದ ಮೇಲೆಯೇ ಕೂಡಿ ಕಳೆದು ನೋಡಿದೆ. ಇಬ್ಬರಿಂದ ಸಂಸ್ಥೆಗೆ ತಿಂಗಳಿಗೆ ೫೧,೨೦೦ ಬರುತ್ತದೆ. ಆದರೆ ಇಬ್ಬರ ಕೆಲಸವನ್ನು ಪರಿಶೀಲಿಸಿ ತಿದ್ದಲು ಆಕೆಗೆ ವಾರಕ್ಕೆ ನಾಲ್ಕು ಗಂಟೆ ಬೇಕು. ಸಂಬಳ, ದೂರು, ಕಾಗದಪತ್ರಗಳಿಗೆ ಇನ್ನೂ ನಾಲ್ಕು ಗಂಟೆ. ಈ ಎಂಟು ಗಂಟೆಗಳು ಆಕೆಯ ಸ್ವಂತ ಭೇಟಿಗಳಿಂದ ಹೋಗತಕ್ಕವು, ನಷ್ಟ ೨೫,೬೦೦. ಬಾಡಿಗೆ ೧೨,೦೦೦ದಿಂದ ೩೦,೦೦೦ಕ್ಕೆ. ಇನ್ನೊಬ್ಬ ಕೆಲಸದವರಿಗೆ ೯,೦೦೦. ಕಳೆದು ನೋಡಿದರೆ ಈಗಿನದಕ್ಕಿಂತ ೧,೪೦೦ ರೂಪಾಯಿ ಕಡಿಮೆ! ಸಾಲದ ಬಡ್ಡಿ ಬೇರೆ. ಇಷ್ಟೂ ಎಲ್ಲ ಗಂಟೆಗಳೂ ತುಂಬಿದಾಗಿನ ಲೆಕ್ಕ.

ಆಕೆ ಕಾಗದವನ್ನು ತಿರುಗಿಸಿ ನೋಡಿ, "ಇದನ್ನೇ ನಾನೂ ಎರಡು ಸಲ ಮಾಡಿ ನೋಡಿದೆ, ತಪ್ಪಿರಬೇಕು ಅಂದ್ಕೊಂಡೆ" ಎಂದಳು. ತಪ್ಪಿಲ್ಲ. ಮಧ್ಯಮ ಗಾತ್ರದ ಬೆಳವಣಿಗೆಯಿಂದ ಒಡತಿಗೆ ಲಾಭವಿಲ್ಲ. ಲಾಭ ಬರಬೇಕಾದರೆ ಇಬ್ಬರಲ್ಲಿ ನಿಲ್ಲದೆ ಎಂಟು ಹತ್ತು ಮಂದಿಗೆ ಹೋಗಬೇಕು. ಪರಿಶೀಲನೆಯ ಗಂಟೆಗಳನ್ನು ಕತ್ತರಿಸಬೇಕು. ಶುಲ್ಕವನ್ನು ಸಾವಿರದೈನೂರಕ್ಕೆ ಏರಿಸಿ ಅರ್ಧ ಶುಲ್ಕದವರನ್ನು ಬಿಡಬೇಕು. ಅಷ್ಟು ಹೊತ್ತಿಗೆ ಆಕೆ ಚಿಕಿತ್ಸಕಿಯಾಗಿ ಉಳಿಯದೆ ವ್ಯವಸ್ಥಾಪಕಿಯಾಗಿರುತ್ತಾಳೆ. ಬೆಳೆಸು ಎಂದವರು ಈ ದಾರಿಯ ಮೊದಲ ಮೈಲಿಗಲ್ಲನ್ನಷ್ಟೇ ತೋರಿಸಿದ್ದರು.

ಹಣ ಮತ್ತು ಮನೋಚಿಕಿತ್ಸೆಗಳ ಈ ಜಗಳ ಹೊಸದಲ್ಲ. ಈ ವಿದ್ಯೆಯ ಮೂಲಪುರುಷರಲ್ಲೊಬ್ಬನಾದ ಸಿಗ್ಮಂಡ್ ಫ್ರಾಯ್ಡ್ ೧೯೧೩ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ತಾನು ಸುಮಾರು ಹತ್ತು ವರ್ಷ ದಿನಕ್ಕೊಂದೆರಡು ಗಂಟೆ ಉಚಿತವಾಗಿ ಚಿಕಿತ್ಸೆ ನೀಡಿ ನೋಡಿದುದಾಗಿಯೂ, ಅದರಿಂದ ನಿರೀಕ್ಷಿಸಿದ ಪ್ರಯೋಜನ ಕಾಣಲಿಲ್ಲವೆಂದೂ ಹೇಳಿ, ಶುಲ್ಕವನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಬೇಕೆಂದು ವಾದಿಸಿದ. ಅದೇ ಫ್ರಾಯ್ಡ್ ೧೯೧೮ರಲ್ಲಿ, ಮಹಾಯುದ್ಧದ ಕೊನೆಯ ದಿನಗಳಲ್ಲಿ, ಬುಡಾಪೆಸ್ಟಿನ ಸಮ್ಮೇಳನದಲ್ಲಿ ನಿಂತು, ಶಸ್ತ್ರಚಿಕಿತ್ಸೆಯಂತೆಯೇ ಮನಸ್ಸಿನ ಚಿಕಿತ್ಸೆಯೂ ಬಡವನ ಹಕ್ಕಾಗಬೇಕೆಂದು ಸಾರಿದ. ಅವನ ಅನುಯಾಯಿಗಳು ೧೯೨೦ರಲ್ಲಿ ಬರ್ಲಿನ್ನಿನಲ್ಲಿಯೂ ೧೯೨೨ರಲ್ಲಿ ವಿಯೆನ್ನಾದಲ್ಲಿಯೂ ಬಡವರಿಗಾಗಿ ಚಿಕಿತ್ಸಾಲಯಗಳನ್ನು ತೆರೆದರು. ಐದೇ ವರ್ಷಗಳಲ್ಲಿ ಒಬ್ಬನೇ ಮನುಷ್ಯ ಎರಡು ಬಗೆಯಾಗಿ ಮಾತಾಡಿದನಲ್ಲ ಎಂದು ನಗಬೇಕಾಗಿಲ್ಲ. ಎರಡೂ ನಿಜ: ಚಿಕಿತ್ಸಕನೂ ಉಣ್ಣಬೇಕು, ಉಣ್ಣಲಿಲ್ಲದವನಿಗೂ ಚಿಕಿತ್ಸೆ ಬೇಕು.

ಕನ್ನಡನಾಡಿಗೂ ಈ ವಿಷಯದಲ್ಲಿ ಒಂದು ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲೇ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದರು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದವರೂ ಅವರೇ. 'ರಾಶಿ' ಎಂದು ನಾಡಿಗೆಲ್ಲ ಪರಿಚಿತರಾದ ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ 'ಕೊರವಂಜಿ'ಯನ್ನು ಹೊರಡಿಸಿ ಜನರನ್ನು ನಗಿಸಿದರು; ಮನೋರೋಗಗಳನ್ನು ಕುರಿತ ಅವರ 'ಮನಮಂಥನ'ಕ್ಕೆ ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ. ಆರ್. ಚಂದ್ರಶೇಖರ್ ಅವರು ನಿಮ್ಹಾನ್ಸಿನಲ್ಲಿ ಪಾಠ ಹೇಳುತ್ತಲೇ ಸಾಮಾನ್ಯ ಕನ್ನಡಿಗನಿಗೆ ತಿಳಿಯುವ ಭಾಷೆಯಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಇವರೆಲ್ಲ ತಮ್ಮ ವಿದ್ಯೆಯನ್ನು ದೊಡ್ಡದು ಮಾಡಿದವರೇ. ಆದರೆ ಇವರು ಹಿಗ್ಗಿಸಿದ್ದು ವಿದ್ಯೆ ತಲುಪುವ ಜನರ ಬಳಗವನ್ನು.

ಈ ಪರಂಪರೆಯನ್ನು ನೆನೆಯುವುದಕ್ಕೆ ಇನ್ನೊಂದು ಕಾರಣವಿದೆ. ಮನೋಚಿಕಿತ್ಸೆಯ ಶಿಕ್ಷಣ ನಡೆಯುವುದು ಇಂಗ್ಲಿಷಿನಲ್ಲಿ. ಕಿರಿಯರು ಪಳಗುವುದು ದೊಡ್ಡ ನಗರಗಳಲ್ಲಿ. ನಮ್ಮ ಹುಡುಗ 'ಖಿನ್ನತೆ' ಎನ್ನಲಿಲ್ಲ. ಎದೆಯ ಮೇಲೆ ಯಾರೋ ಕೂತಂತೆ ಎಂದ. 'ಆತಂಕ' ಎನ್ನದೆ "ಜೀವ ತೆಗೆದು ಕೈಲಿ ಹಿಡ್ಕಂಡಂಗೆ" ಎನ್ನುವ ಮುದುಕಿಯರಿದ್ದಾರೆ. ಈ ಮಾತುಗಳನ್ನು ಬರಿಯ ದೇಹದ ನೋವೆಂದು ಕೇಳಿಸಿಕೊಂಡರೆ ಎಕ್ಸ್‌ರೇಗೆ ಕಳುಹಿಸುತ್ತಾರೆ. ಮನಸ್ಸಿನ ಮಾತೆಂದು ಕೇಳಿಸಿಕೊಳ್ಳಲು ಆ ಊರಿನ ಕನ್ನಡ ಬಲ್ಲ ಕಿವಿ ಬೇಕು. ಆಕೆ ಬೆಳೆಯದಿದ್ದರೆ ಈ ಕಿವಿಯ ವಿದ್ಯೆ ಆಕೆಯೊಡನೆಯೇ ನಿಂತುಹೋಗುತ್ತದೆ. ಇದು ಬೆಳೆಯಬೇಕೆಂಬ ಪಕ್ಷಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಕಾರಣ. ಕಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಕಲಿಸುವುದೆಂದರೆ ಗುರುವಿನ ಕೆಲಸ, ಅಂಗಡಿಯ ಶಾಖೆ ತೆರೆಯುವುದಲ್ಲ.

ಆದುದರಿಂದ ನಾನು ಆಕೆಗೆ ಹೇಳಿದ್ದು ಇಷ್ಟು. ಮುಖ್ಯ ರಸ್ತೆಯ ಕಟ್ಟಡ ಬೇಡ, ಸಾಲವೂ ಬೇಡ. ಕನ್ನಡಕದ ಅಂಗಡಿಯ ಮೇಲೆ ಪಕ್ಕದಲ್ಲೇ ಇನ್ನೊಂದು ಕೋಣೆ ೭,೦೦೦ಕ್ಕೆ ಸಿಕ್ಕುವುದಾದರೆ ಅದನ್ನು ಹಿಡಿ. ಒಬ್ಬರನ್ನು, ಒಬ್ಬರನ್ನೇ, ಸೇರಿಸಿಕೋ. ಪುನರ್ವಸತಿ ಮಂಡಳಿಯ ೧೯೯೨ರ ಕಾಯಿದೆಯಂತೆ ನೋಂದಣಿಯಾದವರು, ಈ ಸೀಮೆಯ ಕನ್ನಡ ಆಡುವವರು. ಅವರ ಇಪ್ಪತ್ತು ಭೇಟಿಗಳಿಂದ ತಿಂಗಳಿಗೆ ೨೫,೬೦೦ ಸಂಸ್ಥೆಗೆ ಬರುತ್ತದೆ. ವಾರಕ್ಕೆ ಎರಡು ಗಂಟೆ ಪರಿಶೀಲನೆ, ಒಂದು ಗಂಟೆ ವ್ಯವಸ್ಥೆ. ಅದಕ್ಕೆ ೯,೬೦೦ ಹೋಗುತ್ತದೆ. ಬಾಡಿಗೆಗೆ ೭,೦೦೦. ಉಳಿದ ೯,೦೦೦ದಲ್ಲಿ ವಾರಕ್ಕೆ ಐದು ಭೇಟಿಗಳನ್ನು ಅರ್ಧ ಶುಲ್ಕದವರಿಗೆ ಬಿಡು. ಕಿರಿಯರ ಪಾಲನ್ನು ಕಡಿಮೆ ಮಾಡದೆ ಆ ೮,೦೦೦ವನ್ನು ಸಂಸ್ಥೆಯೇ ಹೊರಲಿ. ಕೈಗೆ ಸಾವಿರ ರೂಪಾಯಿ ಉಳಿಯುತ್ತದೆ. ವಾರಕ್ಕೆ ಹದಿನೇಳು ಗಂಟೆ ಹೆಚ್ಚುತ್ತದೆ. ಒಬ್ಬೊಬ್ಬರು ಹತ್ತು ವಾರ ಬರುತ್ತಾರೆಂದರೆ ವರ್ಷಕ್ಕೆ ಎಪ್ಪತ್ತೈದಕ್ಕೂ ಮಿಕ್ಕ ಜನ. ಇಬ್ಬರ ಗಂಟೆಗಳಲ್ಲಿಯೂ ವಾರಕ್ಕೊಂದನ್ನು ಯಾರಿಗೂ ಕೊಡದೆ ಖಾಲಿ ಇಡು. ಹೊಸಬರ ಮೊದಲ ಮಾತು ಒಂದು ವಾರದೊಳಗೆ ಆಗುವಂತಿರಲಿ, ಮುಂದಿನ ಭೇಟಿಗಳು ಸಾಲಿನಲ್ಲಿ ಬರಲಿ. ಇಷ್ಟರಿಂದ ನಿನ್ನ ಸಂಪಾದನೆ ಹೆಚ್ಚುವುದಿಲ್ಲ. ಅದು ಬೇಕಿದ್ದರೆ ಪೂರ್ಣ ಶುಲ್ಕವನ್ನು ನೂರು ರೂಪಾಯಿ ಏರಿಸು, ಅದಕ್ಕೆ ನಾಚಬೇಕಾಗಿಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಎಪ್ಪತ್ತೈದು ಜನ ಸಮುದ್ರದಲ್ಲಿ ಒಂದು ಬೊಗಸೆ ಎನ್ನಬಹುದು. ನಿಜ. ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೃತ್ತಿಶಿಕ್ಷಣವಿಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಕೆಲವೇ ಭೇಟಿಗಳಲ್ಲಿ ತೀವ್ರ ಖಿನ್ನತೆಯವರಿಗೆ ನೆರವಾಗಬಹುದೆಂದು 'ಸಂಗಾತ್' ಸಂಸ್ಥೆಯವರು ತೋರಿಸಿದ್ದು ೨೦೧೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಿಂಬಾಬ್ವೆಯಲ್ಲಿ ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕುಳಿತು ಅಜ್ಜಿಯರು ಇದೇ ಕೆಲಸ ಮಾಡುತ್ತಿದ್ದಾರೆ. ಬೊಗಸೆಯನ್ನು ಕೆರೆಯಾಗಿಸುವ ದಾರಿ ಅದು. ಅದು ಸರಕಾರದ ಕೈಯಲ್ಲೂ ನಮ್ಮಂಥ ಕಾಲೇಜುಗಳ ಕೈಯಲ್ಲೂ ಇದೆ. ಆದರೆ ಅಂಥವರಿಗೆ ಕಲಿಸುವುದಕ್ಕೆ, ಅವರಿಂದಾಗದ್ದನ್ನು ಎತ್ತಿಕೊಳ್ಳುವುದಕ್ಕೆ ಜಿಲ್ಲೆಗೆ ನಾಲ್ಕಾರು ಜನ ಪಳಗಿದವರು ಬೇಕೇ ಬೇಕು. ಆ ನಾಲ್ಕಾರು ಜನ ಖಾಸಗಿ ಕೋಣೆಗಳಲ್ಲಿ ತಮ್ಮ ಖರ್ಚಿನಲ್ಲಿ ತಯಾರಾಗುತ್ತಿದ್ದಾರೆಂದರೆ ಸಮಾಜ ಅವರಿಗೆ ಕನಿಷ್ಠಪಕ್ಷ ಅಡ್ಡಿಯನ್ನಾದರೂ ಮಾಡಬಾರದು. ವಿಮಾ ಕಂಪೆನಿಗಳು ಮನಸ್ಸಿನ ರೋಗವನ್ನು ದೇಹದ ರೋಗಕ್ಕೆ ಸಮನಾಗಿ ಕಾಣಬೇಕೆಂದು ೨೦೧೭ರ ಕಾಯಿದೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಮಲಗದೆ ಕ್ರಮವಾಗಿ ಬಂದು ಕುಳಿತು ಮಾತಾಡಿ ಹೋಗುವವನ ವೆಚ್ಚಕ್ಕೂ ಆ ನ್ಯಾಯ ಸಾಮಾನ್ಯವಾಗಿ ಸಲ್ಲುವಂತಾದರೆ ಅರ್ಧ ಶುಲ್ಕದ ಲೆಕ್ಕವೇ ಬೇಕಾಗುವುದಿಲ್ಲ.

ಆಕೆ ಜೂನ್ ತಿಂಗಳಲ್ಲಿ ಪಕ್ಕದ ಕೋಣೆಯನ್ನು ಹಿಡಿದಳು. ಒಬ್ಬ ಹುಡುಗಿ ಕೆಲಸಕ್ಕೆ ಬಂದಿದ್ದಾಳೆ. ವಾರಕ್ಕೊಂದು ಖಾಲಿ ಗಂಟೆ ಇಡುವುದು ನಾನು ಹೇಳಿದಷ್ಟು ಸುಲಭವಲ್ಲವಂತೆ. ಮೊದಲ ತಿಂಗಳಲ್ಲೇ ಎರಡು ಸಲ ತುಂಬಿಹೋಯಿತಂತೆ. ಸಾಲು ಐದು ವಾರದಿಂದ ಮೂರು ವಾರಕ್ಕೆ ಇಳಿದಿದೆ.

ಹೋದ ವಾರ ನಾನು ಆ ಹುಡುಗನ ಮನೆಗೆ ಫೋನು ಮಾಡಿದೆ. ಅವನ ತಂದೆ ಮಾತಾಡಿದರು. ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದಾನೆ, ಊಟ ತಿಂಡಿ ಸರಿಯಾಗಿ ಮಾಡುವುದಿಲ್ಲ, ತಿಂಗಳಿಗೊಂದು ಸಲ ಊರಿಗೆ ಬರುತ್ತಾನೆ ಎಂದರು. ಬಂದಾಗ ಒಂದು ಗಂಟೆ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಬರುತ್ತೀರಾ ಎಂದು ಕೇಳಿದೆ. "ಅವನನ್ನೇ ಕೇಳಿ ಹೇಳ್ತೀನಿ ಸ್ವಾಮಿ" ಎಂದರು. ಅವರ ಫೋನಿಗಾಗಿ ಕಾಯುತ್ತಿದ್ದೇನೆ.